ಮೈಸೂರಿನ ಹವೆಯಲ್ಲಿ ರಂಬುಟಾನ್ ಮತ್ತು ಮ್ಯಾಂಗೋಸ್ಟೀನ್: ಸಸಿ ನೆಡುವ ಮುನ್ನ ತಿಳಿದಿರಬೇಕಾದ ವಿಚಾರಗಳು

ಮೈಸೂರು ನಗರದ ಈಶಾನ್ಯ ಅಂಚಿನಲ್ಲಿರುವ ಕೆಸರೆ ಮತ್ತು ಅದರ ಸುತ್ತಲಿನ ಗ್ರಾಮಗಳಲ್ಲಿ ಕೃಷಿಭೂಮಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಬಡಾವಣೆಗಳ ನಡುವೆ ಉಳಿದುಕೊಂಡಿರುವ ಹತ್ತಿಪ್ಪತ್ತು ಗುಂಟೆಯಲ್ಲಿ ರಾಗಿ ಬೆಳೆದು ಸಂಸಾರ ತೂಗಿಸುವುದು ಕಷ್ಟವೆಂಬುದು ರೈತ ಬಾಂಧವರಿಗೆ ತಿಳಿದೇ ಇದೆ. ಹೀಗಾಗಿ ಅಲ್ಪ ಜಾಗದಲ್ಲಿ ಹೆಚ್ಚು ಬೆಲೆ ತರುವ ಬೆಳೆಯ ಹುಡುಕಾಟ ಸಹಜ. ಮುಂಗಾರಿನ ದಿನಗಳಲ್ಲಿ ಕೇರಳದ ರಂಬುಟಾನ್ ದೇವರಾಜ ಮಾರುಕಟ್ಟೆಗೆ ಬರುತ್ತದೆ. ಸರಿಸುಮಾರು ಅದೇ ದಿನಗಳಲ್ಲಿ ರಂಬುಟಾನ್, ಮ್ಯಾಂಗೋಸ್ಟೀನ್, ಡುರಿಯನ್ ಸಸಿಗಳನ್ನು ಹೊತ್ತ ವಾಹನಗಳೂ ರಸ್ತೆ ಬದಿಗೆ ಬಂದು ನಿಲ್ಲುತ್ತವೆ. "ಇದನ್ನು ನಮ್ಮಲ್ಲಿ ಹಾಕಬಹುದೇ?" ಎಂಬ ಪ್ರಶ್ನೆ ವಿಸ್ತರಣಾ ಕಾರ್ಯಕರ್ತರನ್ನು ತಲುಪುವುದು ಆಗಲೇ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಸಸಿ ಮಾರುವವರು "ಎಲ್ಲಿ ಬೇಕಾದರೂ ಬರುತ್ತದೆ" ಎನ್ನುತ್ತಾರೆ. ಅನುಭವಿಗಳಾದ ಹಿರಿಯರು "ಇವು ಸೆಕೆ ನಾಡಿನ ಗಿಡ, ಮೈಸೂರಿನ ಚಳಿಗೆ ಬದುಕುವುದಿಲ್ಲ" ಎನ್ನುತ್ತಾರೆ. ಮೊದಲನೆಯದು ವ್ಯಾಪಾರದ ಮಾತು. ಎರಡನೆಯದರಲ್ಲಿ ಸತ್ಯಾಂಶವಿದೆಯಾದರೂ ಅದು ಬೊಟ್ಟು ಮಾಡುವುದು ಮುಖ್ಯ ಶತ್ರುವಿನ ಕಡೆಗಲ್ಲ. ಚಳಿಯೊಂದನ್ನೇ ತಡೆಯಲು ಹೊರಟ ರೈತನು ಡಿಸೆಂಬರಿನಲ್ಲಿ ಗಿಡಕ್ಕೆ ಗೋಣಿಚೀಲ ಹೊದಿಸಿ ಕಾಪಾಡಿ, ಮಾರ್ಚ್ ತಿಂಗಳಿನಲ್ಲಿ ಅದನ್ನು ಕಳೆದುಕೊಳ್ಳುತ್ತಾನೆ. ಇದು ಏಕೆ ಹೀಗಾಗುತ್ತದೆ ಎಂಬುದನ್ನು ಮೊದಲು ಅರ್ಥ ಮಾಡಿಕೊಳ್ಳುವುದು ಅವಶ್ಯ.

ಚಳಿಯ ಲೆಕ್ಕ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಜನವರಿಯಲ್ಲಿ ಸರಾಸರಿ ಕನಿಷ್ಠ ಉಷ್ಣಾಂಶ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅಪರೂಪದ ವರ್ಷಗಳಲ್ಲಿ ಅದು ಬಹಳ ಕೆಳಗಿಳಿಯುವುದುಂಟು. 2012ರ ಜನವರಿಯಲ್ಲಿ 7.7 ಡಿಗ್ರಿ ದಾಖಲಾಗಿದೆ. ಹಿಮ ಬೀಳುವ ಭಯವಿಲ್ಲ.

ಗಿಡಗಳ ಸಹನಶಕ್ತಿಯನ್ನು ಇದರೊಂದಿಗೆ ಹೋಲಿಸಿ ನೋಡೋಣ. ರಂಬುಟಾನ್‌ಗೆ ಹಿತವಾದ ಉಷ್ಣಾಂಶ 22ರಿಂದ 30 ಡಿಗ್ರಿ. 10 ಡಿಗ್ರಿಗಿಂತ ಕೆಳಗಿನ ರಾತ್ರಿಗಳು ಸಾಲಾಗಿ ಬಂದರೆ ಅದು ಎಲೆ ಉದುರಿಸುತ್ತದೆ. ಮ್ಯಾಂಗೋಸ್ಟೀನ್ ಇನ್ನೂ ನಾಜೂಕು. 20 ಡಿಗ್ರಿಗಿಂತ ಕೆಳಗೆ ಅದರ ಬೆಳವಣಿಗೆ ನಿಧಾನಗೊಳ್ಳುತ್ತದೆ, 7 ಡಿಗ್ರಿಯ ಸಮೀಪಕ್ಕೆ ಇಳಿದರೆ ಎಳೆಯ ಸಸಿಗಳು ಸಾಯುತ್ತವೆ. ಬಲಿತ ಮರ 4 ಡಿಗ್ರಿಯವರೆಗೂ ತಾಳಿಕೊಳ್ಳಬಲ್ಲದು. ಅಂದರೆ ಮೈಸೂರಿನ ಸಾಧಾರಣ ಚಳಿಗಾಲವು ಈ ಗಿಡಗಳನ್ನು ಕೊಲ್ಲುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಅವುಗಳನ್ನು ಬೆಳೆಯಗೊಡದೆ ನಿಲ್ಲಿಸುತ್ತದೆ, ಅಷ್ಟೆ. ವರ್ಷಕ್ಕೆ ಎರಡೂವರೆ ತಿಂಗಳ ಬೆಳವಣಿಗೆ ನಷ್ಟವಾಗುವುದರಿಂದ ಕರಾವಳಿಗಿಂತ ಒಂದೆರಡು ವರ್ಷ ತಡವಾಗಿ ಫಲ ಬರಬಹುದು ಎಂಬ ಎಣಿಕೆಯನ್ನು ಮೊದಲೇ ಇಟ್ಟುಕೊಳ್ಳಬೇಕು. ಹತ್ತು ವರ್ಷಕ್ಕೊಮ್ಮೆ ಬರುವ ಕಠಿಣ ರಾತ್ರಿಗೆ ಮಾತ್ರ ಎಳೆಯ ಗಿಡಗಳಿಗೆ ಹೊದಿಕೆ ಬೇಕಾಗುತ್ತದೆ.

ಚಳಿಯೇ ಮುಖ್ಯ ಅಡ್ಡಿಯಾಗಿದ್ದರೆ ಮೈಸೂರಿಗಿಂತ ತಂಪಾದ ಊರುಗಳಲ್ಲಿ ಈ ಹಣ್ಣುಗಳು ಬರಲೇಬಾರದಿತ್ತು. ಆದರೆ ಕೊಡಗಿನ ಚೆಟ್ಟಳ್ಳಿಯಲ್ಲಿ ರಂಬುಟಾನ್ ಚೆನ್ನಾಗಿ ಫಲಿಸುತ್ತದೆ. ಸುಮಾರು 1000 ಮೀಟರ್ ಎತ್ತರದಲ್ಲಿರುವ ಅಲ್ಲಿನ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ್ದು, ಕೆಂಪು ಹಣ್ಣಿನ 'ಅರ್ಕಾ ಕೂರ್ಗ್ ಅರುಣ್' ಮತ್ತು ಹಳದಿ ಹಣ್ಣಿನ 'ಅರ್ಕಾ ಕೂರ್ಗ್ ಪತಿಬ್' ಎಂಬ ತಳಿಗಳು ಅಲ್ಲಿಂದಲೇ ಬಂದವು. ತಂಪಿನಿಂದಾಗಿ ಅಲ್ಲಿ ಹಣ್ಣು ಬಲಿಯುವುದು ತಡ. ಕೇರಳದ ಸುಗ್ಗಿ ಮುಗಿಯುತ್ತ ಬಂದ ಮೇಲೆ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಕೊಯ್ಲಿಗೆ ಬರುತ್ತದೆ. ಈ ವಿಳಂಬ ಬೆಳೆಗಾರನಿಗೆ ಲಾಭವೇ ಹೊರತು ನಷ್ಟವಲ್ಲ. ನೀಲಗಿರಿಯ ಇಳಿಜಾರಿನ ಬರ್ಲಿಯಾರ್ ತೋಟವೂ ಇಂಥದೇ ಉದಾಹರಣೆ. 19ನೆಯ ಶತಮಾನದಲ್ಲಿ ಆರಂಭವಾದ, ಮೈಸೂರಿಗಿಂತ ಕಡಿಮೆಯೇನಲ್ಲದ ಎತ್ತರದಲ್ಲಿರುವ ಆ ಸರ್ಕಾರಿ ತೋಟದಲ್ಲಿ ಮ್ಯಾಂಗೋಸ್ಟೀನ್ ಮರಗಳು ಇಂದಿಗೂ ಫಲ ಕೊಡುತ್ತಿವೆ.

ಚೆಟ್ಟಳ್ಳಿ ಮತ್ತು ಬರ್ಲಿಯಾರ್ ಎರಡರಲ್ಲೂ ಇದ್ದು ಕೆಸರೆಯಲ್ಲಿ ಇಲ್ಲದಿರುವುದು ಗಾಳಿಯ ತೇವ. ಒಂದು ಕಡೆ ಕಾಫಿ ತೋಟದ ಮರಗಳ ನೆರಳು, ಇನ್ನೊಂದು ಕಡೆ ಕಾಡು ಮುಚ್ಚಿದ ಕಣಿವೆ. ಎರಡೂ ಕಡೆ ಬಿರುಗಾಳಿಗೆ ತಡೆಯಿದೆ, ಬೇಸಿಗೆಯಲ್ಲಿಯೂ ತೇವಾಂಶ ಪೂರ್ತಿ ಆರುವುದಿಲ್ಲ.

ಗಾಳಿಯ ದಾಹ

ಮೈಸೂರಿನಲ್ಲಿ ಫೆಬ್ರವರಿ-ಮಾರ್ಚ್ ತಿಂಗಳುಗಳ ಮಧ್ಯಾಹ್ನ ಗಾಳಿಯ ತೇವಾಂಶ ಶೇಕಡ 30ರ ಆಸುಪಾಸಿಗೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಆಗ ಉಷ್ಣಾಂಶ 34 ಡಿಗ್ರಿ ಇದ್ದರೆ, ಗಾಳಿಯು ಎಲೆಯಿಂದ ನೀರನ್ನು ಸೆಳೆಯುವ ಶಕ್ತಿಯನ್ನು ಲೆಕ್ಕ ಹಾಕಬಹುದು. ಇದನ್ನು ವಿಜ್ಞಾನಿಗಳು ಆವಿ ಒತ್ತಡದ ಕೊರತೆ ಎನ್ನುತ್ತಾರೆ; ಗಾಳಿಯ ದಾಹ ಎಂದು ಕರೆದರೆ ತಪ್ಪಾಗಲಾರದು. ಮೇಲಿನ ಸ್ಥಿತಿಯಲ್ಲಿ ಅದು ಸುಮಾರು 3.7 ಕಿಲೋಪಾಸ್ಕಲ್. ಕರಾವಳಿಯಲ್ಲಿ ಉಷ್ಣಾಂಶ 32 ಡಿಗ್ರಿ, ತೇವಾಂಶ ಶೇಕಡ 65 ಇರುವ ಮಧ್ಯಾಹ್ನ ಅದೇ ದಾಹ ಸುಮಾರು 1.7 ಮಾತ್ರ. ಬಿಸಿಲಿನಲ್ಲಿ ಕೇವಲ ಎರಡು ಡಿಗ್ರಿ ವ್ಯತ್ಯಾಸ. ಎಲೆಯ ಮೇಲೆ ಬೀಳುವ ಎಳೆತ ಮಾತ್ರ ಎರಡು ಪಟ್ಟಿಗೂ ಹೆಚ್ಚು.

ಮಾವು, ಹುಣಸೆ, ನೇರಳೆ ಮೊದಲಾದ ನಮ್ಮ ಮರಗಳು ಈ ಎಳೆತವನ್ನು ಆಳದ ಬೇರು ಮತ್ತು ಬಿಗಿಯಾದ ಎಲೆಯ ಬಲದಿಂದ ತಾಳಿಕೊಳ್ಳುತ್ತವೆ. ವರ್ಷವಿಡೀ ತೇವವಿರುವ ಮಲಯಾದ ಕಾಡುಗಳಿಂದ ಬಂದ ಗಿಡಗಳಿಗೆ ಅಂತಹ ಸಿದ್ಧತೆ ಇಲ್ಲ. ಮ್ಯಾಂಗೋಸ್ಟೀನ್ ಬೇರುಗಳಲ್ಲಿ ನೀರು ಹೀರುವ ಸೂಕ್ಷ್ಮ ಬೇರುಗೂದಲುಗಳೇ ಇರುವುದಿಲ್ಲ ಎಂಬುದನ್ನು ಗಮನಿಸಬೇಕು. ಬುಡದಲ್ಲಿ ನೀರು ತುಂಬಿದ್ದರೂ ಅದನ್ನು ಎಲೆಗೆ ತಲುಪಿಸುವ ವೇಗ ಆ ಬೇರಿಗೆ ಇಲ್ಲ. ಎಲೆಯ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಆಹಾರ ತಯಾರಿಕೆ ನಿಲ್ಲುತ್ತದೆ, ಎಲೆ ಬಿಸಿಯಾಗುತ್ತದೆ, ಅಂಚು ಸುಡುತ್ತದೆ. ಬಹಳಷ್ಟು ಮಂದಿ ಇದನ್ನು ಕಂಡು ನೀರು ಸಾಲದೆಂದು ಮತ್ತಷ್ಟು ನೀರು ಹಾಯಿಸುತ್ತಾರೆ. ಜಿಗುಟು ಮಣ್ಣಿನಲ್ಲಿ ಆ ನೀರು ನಿಂತು ಬೇರು ಕೊಳೆಯುತ್ತದೆ. ಗಿಡ ಬಾಯಾರಿಯೂ ಸಾಯುತ್ತದೆ, ಮುಳುಗಿಯೂ ಸಾಯುತ್ತದೆ.

ಚಳಿಗೂ ಇದರಲ್ಲಿ ಒಂದು ಪಾತ್ರವಿದೆ. ಡಿಸೆಂಬರ್-ಜನವರಿಯಲ್ಲಿ ಮಣ್ಣು ತಣ್ಣಗಾಗುವುದರಿಂದ ಬೇರಿನ ಕೆಲಸ ಮಂದವಾಗುತ್ತದೆ. ಅದೇ ಹೊತ್ತಿನಲ್ಲಿ ಪೂರ್ವದಿಂದ ಬೀಸುವ ಒಣಗಾಳಿ ಹಗಲಿನಲ್ಲಿ ಎಲೆಯನ್ನು ಒಣಗಿಸುತ್ತದೆ. ಕೆಳಗಿನಿಂದ ಪೂರೈಕೆ ಕಡಿಮೆ, ಮೇಲಿನಿಂದ ಬೇಡಿಕೆ ಹೆಚ್ಚು. ಹಿರಿಯರು "ಚಳಿಗೆ ಎಲೆ ಸುಟ್ಟಿತು" ಎನ್ನುವುದು ಬಹುಪಾಲು ಈ ಒಣಗಾಳಿಯ ಕೆಲಸವೇ.

ಆದ್ದರಿಂದ ಸಸಿಗೆ ಹಣ ಕೊಡುವ ಮೊದಲು ಒಂದು ವರ್ಷ ಅಳತೆಗೆ ಮೀಸಲಿಡಿ ಎಂಬುದು ನನ್ನ ಸಲಹೆ. ಗರಿಷ್ಠ-ಕನಿಷ್ಠ ಉಷ್ಣಮಾಪಕ ಮತ್ತು ತೇವಾಂಶ ಮಾಪಕಗಳು ಇಂದು ದುಬಾರಿಯಲ್ಲ. ನೆಡಬೇಕೆಂದಿರುವ ಜಾಗದಲ್ಲಿಯೇ, ನೆರಳಿನಲ್ಲಿ, ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಅವನ್ನು ತೂಗುಹಾಕಿ, ಡಿಸೆಂಬರ್ ಮಧ್ಯದಿಂದ ಜನವರಿ ಅಂತ್ಯದವರೆಗೆ ಬೆಳಗಿನ ಕನಿಷ್ಠವನ್ನೂ, ಮಾರ್ಚ್ ತಿಂಗಳಿನಲ್ಲಿ ಮಧ್ಯಾಹ್ನ 3 ಗಂಟೆಯ ತೇವಾಂಶವನ್ನೂ ಬರೆದಿಡಬೇಕು. ಮನೆಯ ಹಿಂದಿನ ತೆಂಗಿನ ನೆರಳಿಗೂ ಬಯಲು ಹೊಲಕ್ಕೂ ಇರುವ ವ್ಯತ್ಯಾಸ ಆಗ ತಾನಾಗಿ ಕಾಣುತ್ತದೆ. ಬಯಲಿನ ಅಂಕಿಗಳು ಮೇಲೆ ಹೇಳಿದಂತೆಯೇ ಇದ್ದರೆ, ಆ ಬಯಲಿನಲ್ಲಿ ರಂಬುಟಾನ್ ಸಾಲು ಹಾಕುವ ಯೋಚನೆಯನ್ನು ಬಿಡುವುದು ಒಳಿತು.

ನೀರಿನ ಗುಣ

ಗಾಳಿಯ ನಂತರದ ಅಡ್ಡಿ ಕೊಳವೆಬಾವಿಯ ನೀರು. ರಂಬುಟಾನ್, ಮ್ಯಾಂಗೋಸ್ಟೀನ್ ಎರಡೂ 5.5ರಿಂದ 6.5 ರಸಸಾರದ, ಅಂದರೆ ತುಸು ಹುಳಿಯಾದ ಮಣ್ಣನ್ನು ಬಯಸುತ್ತವೆ. ಮೈಸೂರು ಸುತ್ತಲಿನ ಎತ್ತರದ ಕೆಮ್ಮಣ್ಣಿನಲ್ಲಿ ಇದು ಅಸಾಧ್ಯವೇನಲ್ಲ. ತಗ್ಗಿನ ಜಿಗುಟು ಮಣ್ಣಿನಲ್ಲಿ ಮಾತ್ರ ರಸಸಾರ 8ನ್ನು ದಾಟಿರುವುದುಂಟು. ಮಣ್ಣಿನಲ್ಲಿ ಸುಣ್ಣದ ಬಿಳಿ ಹರಳುಗಳು ಕಂಡರೆ, ಅಥವಾ ಸೌಮ್ಯ ಆಮ್ಲದ ಹನಿ ಬಿಟ್ಟಾಗ ನೊರೆ ಉಕ್ಕಿದರೆ, ಅಲ್ಲಿ ಗಂಧಕ ಹಾಕಿ ರಸಸಾರ ಇಳಿಸುವ ಪ್ರಯತ್ನ ವ್ಯರ್ಥ. ಸುಣ್ಣ ಮುಗಿಯುವವರೆಗೂ ಗಂಧಕ ಸೋಲುತ್ತಲೇ ಇರುತ್ತದೆ.

ಮಣ್ಣು ಒಳ್ಳೆಯದಿದ್ದರೂ ಬೈಕಾರ್ಬೊನೇಟ್ ತುಂಬಿದ ಗಡಸು ನೀರನ್ನು ಎರಡು ಬೇಸಿಗೆ ಹನಿಸಿದರೆ ಬುಡದ ಮಣ್ಣಿನ ಗುಣ ಬದಲಾಗುತ್ತದೆ. ಹೊಸ ಎಲೆಗಳ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಕಬ್ಬಿಣದ ಕೊರತೆಯೆಂದು ತಿಳಿಯಬೇಕು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ಸಿಗುತ್ತಿರುವುದಿಲ್ಲ. ಎಲೆಯಂಚು ಕಂದಾಗಿ ಒಳಮುಖವಾಗಿ ಸುಡುತ್ತ ಬಂದರೆ ಒಣಗಾಳಿಯ ಜೊತೆಗೆ ಸೋಡಿಯಂ ಹಾಗೂ ಕ್ಲೋರೈಡ್ ಲವಣಗಳನ್ನೂ ಶಂಕಿಸಬೇಕು. ರಂಬುಟಾನ್ ಈ ಲವಣಗಳಿಗೆ ವಿಶೇಷವಾಗಿ ಸೂಕ್ಷ್ಮ. ನೀರಿನ ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 1 ಡೆಸಿಸೈಮನ್ಸ್ ಮೀರಿದ್ದರೆ ಈ ಬೆಳೆಗಳನ್ನು ಆ ನೀರಿನ ಮೇಲೆ ಮಾತ್ರ ಅವಲಂಬಿಸಿ ಬೆಳೆಯಬಾರದೆಂಬುದು ನನ್ನ ಅಭಿಪ್ರಾಯ.

ಕೆಸರೆಯಲ್ಲಿ ನಗರದ ಒಳಚರಂಡಿ ನೀರನ್ನು ಶುದ್ಧೀಕರಿಸುವ ಘಟಕವಿರುವುದರಿಂದ, ಆ ನೀರನ್ನು ತೋಟಕ್ಕೆ ಬಳಸಬಹುದೇ ಎಂಬ ಪ್ರಶ್ನೆಯೂ ಸಹಜವಾಗಿ ಏಳುತ್ತದೆ. ಅದರಲ್ಲಿ ಸಾರಜನಕ, ರಂಜಕಗಳು ಇರುತ್ತವೆ ಎಂಬುದು ನಿಜ. ಸಾಬೂನು ಮತ್ತು ಉಪ್ಪಿನಿಂದ ಬಂದ ಸೋಡಿಯಂ ಕೂಡ ಇರುತ್ತದೆ. ಮೇವಿನ ಹುಲ್ಲು, ಮರಮಟ್ಟಿನ ಗಿಡಗಳಿಗೆ ಅದು ಹೊಂದುತ್ತದೆ. ರಂಬುಟಾನ್ ಜಾತಿಯ ಗಿಡಗಳಿಗೆ ಹೊಂದುವುದಿಲ್ಲ. ಹಸಿಯಾಗಿ ತಿನ್ನುವ ಯಾವುದೇ ಹಣ್ಣಿನ ಮೇಲೆ ಅದನ್ನು ಸಿಂಪಡಿಸತಕ್ಕದ್ದಲ್ಲ.

ಉತ್ತಮ ಪರಿಹಾರ ತಲೆಯ ಮೇಲೆಯೇ ಇದೆ. ಮೈಸೂರಿನ ವಾರ್ಷಿಕ ಮಳೆ ಸರಾಸರಿ 780 ಮಿಲಿಮೀಟರ್ ಎಂದಿಟ್ಟುಕೊಂಡು, 100 ಚದರ ಮೀಟರ್ ತಾರಸಿಯಿಂದ ಶೇಕಡ 80ರಷ್ಟು ಸಂಗ್ರಹಿಸಿದರೂ 62,400 ಲೀಟರ್ ನೀರು ದೊರೆಯುತ್ತದೆ. ಎರಡು ವರ್ಷದ ಒಂದು ರಂಬುಟಾನ್ ಗಿಡಕ್ಕೆ ಫೆಬ್ರವರಿಯಿಂದ ಮೇ ತಿಂಗಳವರೆಗಿನ 120 ದಿನ, ದಿನಕ್ಕೆ 15 ಲೀಟರಿನಂತೆ, ಬೇಕಾಗುವುದು 1,800 ಲೀಟರ್. 10,000 ಲೀಟರಿನ ತೊಟ್ಟಿಯೊಂದು ಐದು ಗಿಡಗಳನ್ನು ಬೇಸಿಗೆ ದಾಟಿಸುತ್ತದೆ. ಮಳೆನೀರಿನಲ್ಲಿ ಬೈಕಾರ್ಬೊನೇಟ್ ಇಲ್ಲ, ಸೋಡಿಯಂ ಇಲ್ಲ. ತೊಟ್ಟಿ ಎಷ್ಟು ಗಿಡಗಳನ್ನು ಸಾಕಬಲ್ಲದೋ ಅಷ್ಟೇ ಗಿಡಗಳನ್ನು ನೆಡುವುದು ಜಾಣತನ. ಮರ ದೊಡ್ಡದಾದಂತೆ ನೀರಿನ ಅಗತ್ಯವೂ ಏರುತ್ತದೆಯಾದ್ದರಿಂದ ತೊಟ್ಟಿಯನ್ನು ತುಸು ದೊಡ್ಡದಾಗಿಯೇ ಕಟ್ಟಿಸಬೇಕು.

ಜಾಗ, ನೆರಳು ಮತ್ತು ನೆಡುವ ಕ್ರಮ

ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ನೀರಿನಂತೆಯೇ ಇಳಿಜಾರಿಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕಾಲುವೆ, ಹಳ್ಳಗಳ ಪಕ್ಕದ ತಗ್ಗು ನೆಲಕ್ಕೆ ನೀರಿನ ಅನುಕೂಲವಿದ್ದರೂ ರಾತ್ರಿ ಅದು ಹೆಚ್ಚು ತಂಪು, ಮಳೆಗಾಲದಲ್ಲಿ ಜೌಗು. ಹೆಸರೇ ಕೆಸರನ್ನು ನೆನಪಿಸುವ ಊರಿನಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಇಳಿಜಾರಿನ ನಡುಭಾಗ, ಅಥವಾ ಮನೆಯ ದಕ್ಷಿಣ ಗೋಡೆಯಿಂದ ಹತ್ತು-ಹನ್ನೆರಡು ಅಡಿ ದೂರದ ಜಾಗ ಉತ್ತಮ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ಆ ಗೋಡೆ ಹಗಲಿನಲ್ಲಿ ಕಾಯ್ದು ರಾತ್ರಿ ಶಾಖ ಬಿಡುತ್ತದೆ.

ಗಾಳಿತಡೆಯನ್ನು ಹಣ್ಣಿನ ಗಿಡಕ್ಕಿಂತ ಎರಡು ವರ್ಷ ಮೊದಲೇ ನೆಡಬೇಕು. ಈ ಮಾತನ್ನು ಕೇಳಿದವರೆಲ್ಲ ತಲೆಯಾಡಿಸುತ್ತಾರೆ, ಪಾಲಿಸುವವರು ವಿರಳ. ಪೂರ್ವದ ಬದಿಗೆ ಚಳಿಗಾಲದ ಒಣಗಾಳಿಯನ್ನು, ಪಶ್ಚಿಮ-ನೈಋತ್ಯದ ಬದಿಗೆ ಜೂನ್-ಜುಲೈ ತಿಂಗಳ ಬಿರುಗಾಳಿಯನ್ನು ತಡೆಯಲು ಗ್ಲಿರಿಸಿಡಿಯ, ಹೆಬ್ಬೇವು ಅಥವಾ ಸಿಲ್ವರ್ ಓಕ್ ಸಾಲು ಬೇಕು. ಒಳಗೆ ಬಾಳೆ ಮತ್ತು ಅಗಸೆಯನ್ನು ತಾತ್ಕಾಲಿಕ ನೆರಳಿಗಾಗಿ ಹಾಕಬಹುದು. ಬಾಳೆಯ ದೊಡ್ಡ ಎಲೆಗಳು ನೀರನ್ನು ಆವಿಯಾಗಿಸುತ್ತ ಸುತ್ತಲಿನ ಗಾಳಿಯ ದಾಹವನ್ನು ತಗ್ಗಿಸುತ್ತವೆ. ಈಗಾಗಲೇ ಬೆಳೆದ ತೆಂಗಿನ ತೋಟವಿದ್ದರೆ ಅದೃಷ್ಟವೆಂದೇ ತಿಳಿಯಿರಿ. ಅದರ ಚದುರಿದ ನೆರಳಿಗಿಂತ ಒಳ್ಳೆಯ ನೆಲೆ ಮ್ಯಾಂಗೋಸ್ಟೀನ್‌ಗೆ ಮೈಸೂರಿನಲ್ಲಿ ಇಲ್ಲ. ತೆಂಗನ್ನು ಕಡಿದು ಹೊಸ ಹಣ್ಣು ಹಾಕುವ ಆಲೋಚನೆಯಲ್ಲಿರುವವರು ಈ ಒಂದು ಕಾರಣಕ್ಕಾದರೂ ಕೊಡಲಿಯನ್ನು ಕೆಳಗಿಡಬೇಕು.

ನೆಡಲು ಜೂನ್ ತಿಂಗಳು ಸೂಕ್ತ. ಮೈಸೂರಿನಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆಯೇ ಹೆಚ್ಚಾದರೂ ಅಲ್ಲಿಯವರೆಗೆ ಕಾದರೆ ಬೇರು ಊರುವಷ್ಟರಲ್ಲಿ ಚಳಿ ಬಂದಿರುತ್ತದೆ. ಎರಡೂವರೆ ಅಡಿ ಆಳ-ಅಗಲದ ಗುಂಡಿಗೆ ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ ತುಂಬಿ, ಸಸಿಯನ್ನು ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರದ ದಿಬ್ಬದ ಮೇಲೆ ಕೂರಿಸಬೇಕು. ಮ್ಯಾಂಗೋಸ್ಟೀನ್ ಸಸಿಯ ತಾಯಿಬೇರು ಉದ್ದ ಮತ್ತು ದುರ್ಬಲ. ಪೊಟ್ಟಣದ ಮಣ್ಣು ಒಡೆದರೆ ಗಿಡ ಹೋದಂತೆಯೇ. ಮೊದಲ ಎರಡು ಬೇಸಿಗೆ ಶೇಕಡ 50ರ ನೆರಳುಬಲೆ ಇರಲಿ. ನಂತರ ರಂಬುಟಾನ್‌ಗೆ ಹಂತಹಂತವಾಗಿ ಬಿಸಿಲು ಕೊಡಬೇಕು. ಮ್ಯಾಂಗೋಸ್ಟೀನ್‌ಗೆ ನಾಲ್ಕೈದು ವರ್ಷ ನೆರಳು ಬೇಕೇ ಬೇಕು.

ಸಾರಜನಕ ಗೊಬ್ಬರವನ್ನು ಸೆಪ್ಟೆಂಬರ್ ಕೊನೆಗೆ ನಿಲ್ಲಿಸಬೇಕು. ಅನಂತರ ಕೊಟ್ಟರೆ ಡಿಸೆಂಬರಿನ ಒಣಗಾಳಿಗೆ ಸರಿಯಾಗಿ ಎಳೆಚಿಗುರು ಒಡೆದು ಸುಡುತ್ತದೆ. ಹೆಚ್ಚು ಚಳಿಯ ಮುನ್ಸೂಚನೆ ಇರುವ ದಿನ ಸಂಜೆ ಬುಡಕ್ಕೆ ಕೊಳವೆಬಾವಿಯ ನೀರು ಕೊಡುವುದು ಒಳ್ಳೆಯದು. ಚಳಿಗಾಲದ ಬೆಳಗ್ಗೆ ಆ ನೀರು ಬೆಚ್ಚಗಿರುವುದನ್ನು ತಾವೆಲ್ಲರೂ ಕೈಯಾರೆ ಬಲ್ಲಿರಿ. ನೆಲದಾಳದ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಷ್ಣಾಂಶದಲ್ಲಿರುತ್ತದೆ. ನೀರು ಗಡಸಾಗಿದ್ದರೂ ವರ್ಷಕ್ಕೆ ಮೂರ್ನಾಲ್ಕು ರಾತ್ರಿಯ ಬಳಕೆಯಿಂದ ಕೇಡಿಲ್ಲ. ಬುಡದ ಒಣ ಎಲೆಯ ಮುಚ್ಚಿಗೆಯನ್ನು ಫೆಬ್ರವರಿಯಿಂದ ಅರ್ಧ ಅಡಿ ದಪ್ಪಕ್ಕೆ ಏರಿಸಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ಮರ ಬಲಿತ ಮೇಲೆ ಇದೇ ಒಣಹವೆಯಿಂದ ಒಂದು ಪ್ರಯೋಜನವೂ ಉಂಟು. ರಂಬುಟಾನ್ ಮತ್ತು ಮ್ಯಾಂಗೋಸ್ಟೀನ್ ಹೂ ಬಿಡಲು ಎರಡು ಮೂರು ವಾರಗಳ ನೀರಿನ ಕೊರತೆ ಪ್ರೇರಣೆ ನೀಡುತ್ತದೆ. ವರ್ಷವಿಡೀ ಮಳೆ ಬೀಳುವ ನಾಡಿನಲ್ಲಿ ಈ ಪ್ರೇರಣೆಗಾಗಿ ಬೆಳೆಗಾರರು ಕಾಯಬೇಕು. ನಮ್ಮಲ್ಲಿ ಅದು ಬೇಡವೆಂದರೂ ಬರುತ್ತದೆ. ಹೂಗೊಂಚಲು ಕಾಣಿಸಿಕೊಂಡ ಕೂಡಲೇ ನೀರನ್ನು ಮತ್ತೆ ಆರಂಭಿಸಿ ಕಾಯಿ ಬಲಿಯುವವರೆಗೆ ತಪ್ಪಿಸದಿರುವುದು ಮುಖ್ಯ.

ಸಸಿ ಕೊಳ್ಳುವಾಗ ಆಗುವ ಮೋಸ

ರಂಬುಟಾನ್‌ನಲ್ಲಿ ಗಂಡು ಮರಗಳೂ ದ್ವಿಲಿಂಗಿ ಹೂವಿನ ಮರಗಳೂ ಬೇರೆ ಬೇರೆ. ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಸರಿಸುಮಾರು ಅರ್ಧದಷ್ಟು ಗಂಡಾಗುತ್ತವೆ, ಮತ್ತು ಹೂ ಬಿಡುವವರೆಗೆ ಅದು ತಿಳಿಯುವುದಿಲ್ಲ. 8 ಮೀಟರ್ ಅಂತರದಲ್ಲಿ ಎಕರೆಗೆ 63 ಗಿಡಗಳು ಹಿಡಿಸುತ್ತವೆ. ಅವೆಲ್ಲ ಬೀಜದ ಸಸಿಗಳಾಗಿದ್ದರೆ, ಐದಾರು ವರ್ಷ ನೀರು-ಗೊಬ್ಬರ ಕೊಟ್ಟ ಬಳಿಕ ಮೂವತ್ತರಷ್ಟು ಮರಗಳು ಹಣ್ಣೇ ಬಿಡದ ಗಂಡುಗಳೆಂದು ಗೊತ್ತಾಗುತ್ತದೆ. ಸಣ್ಣ ಹಿಡುವಳಿದಾರನು ಈ ಹೊಡೆತದಿಂದ ಚೇತರಿಸಿಕೊಳ್ಳುವುದು ಕಷ್ಟ. ಆದ್ದರಿಂದ ರಂಬುಟಾನ್‌ನಲ್ಲಿ ಕಸಿ ಸಸಿಯನ್ನೇ ಕೊಳ್ಳಬೇಕು. ಬುಡದಿಂದ ಅರ್ಧ-ಮುಕ್ಕಾಲು ಅಡಿ ಮೇಲೆ ಕಣ್ಣುಕಸಿಯ ಗುರುತು, ಅದರ ಮೇಲಿನ ಚಿಗುರು ಓರೆಯಾಗಿ ಹೊರಟಿರುವುದು, ಇವನ್ನು ಬೆರಳಿಟ್ಟು ನೋಡಿ. ಕಸಿಯ ಕೆಳಗಿನ ಚಿಗುರು ಬೆಳೆದು ಮೇಲಿನದು ಒಣಗಿರುವ ಸಸಿಗಳನ್ನು ಕಸಿಯೆಂದೇ ಮಾರುವುದೂ ಉಂಟು. ಈಗಾಗಲೇ ಗಂಡು ಮರವಿದ್ದರೆ ಅದನ್ನು ಕಡಿದುಹಾಕದೆ, ತಲೆ ಸವರಿ ಬರುವ ಚಿಗುರಿಗೆ ಉತ್ತಮ ತಳಿಯ ಕಣ್ಣು ಕೂಡಿಸಬಹುದು.

ಮ್ಯಾಂಗೋಸ್ಟೀನ್ ವಿಷಯ ಇದಕ್ಕೆ ತದ್ವಿರುದ್ಧ. ನಮ್ಮ ಮುರುಗಲು, ಉಪ್ಪಾಗೆಗಳ ಈ ಬಂಧುವಿನ ಬೀಜವು ಪರಾಗಸ್ಪರ್ಶವಿಲ್ಲದೆಯೇ ರೂಪುಗೊಳ್ಳುವುದರಿಂದ ಸಸಿಗಳು ತಾಯಿಯಂತೆಯೇ ಇರುತ್ತವೆ. "ವಿಶೇಷ ತಳಿ"ಯೆಂದು ಹೆಚ್ಚು ಹಣ ಕೇಳಿದರೆ ಕೊಡಬೇಕಾಗಿಲ್ಲ. ಬೀಜದ ಸಸಿ ಫಲ ಕೊಡಲು ಎಂಟು-ಹತ್ತು ವರ್ಷ ಬೇಕು. ಮೈಸೂರಿನಲ್ಲಿ ಅದಕ್ಕೂ ಹೆಚ್ಚೆಂದೇ ಭಾವಿಸಿ. ಐವತ್ತೈದರ ವಯಸ್ಸಿನಲ್ಲಿ ನೆಡುವವರು ಮೊಮ್ಮಕ್ಕಳಿಗಾಗಿ ನೆಡುತ್ತಿದ್ದೇವೆಂದು ತಿಳಿದು ನೆಟ್ಟರೆ ನಿರಾಶೆಯಿಲ್ಲ. ಡುರಿಯನ್ ಕುರಿತು ಹೆಚ್ಚು ಹೇಳಬೇಕಾದುದಿಲ್ಲ: ಅದರ ಹಲವು ತಳಿಗಳು ಒಂಟಿಯಾಗಿ ಫಲ ಕಟ್ಟುವುದಿಲ್ಲ, ಬೇರುಕೊಳೆ ರೋಗಕ್ಕೆ ಬೇಗ ತುತ್ತಾಗುತ್ತವೆ, ಒಣಗಾಳಿಯನ್ನು ಸಹಿಸುವುದಿಲ್ಲ. ಕೆಸರೆಯ ಸುತ್ತ ಆದಾಯಕ್ಕಾಗಿ ಅದನ್ನು ನೆಡಲು ನಾನು ಶಿಫಾರಸು ಮಾಡುವುದಿಲ್ಲ.

ಹಾಗಾದರೆ ಆದಾಯಕ್ಕೆ ಏನು?

ರಂಬುಟಾನ್ ಎರಡು ಮೂರು, ಮ್ಯಾಂಗೋಸ್ಟೀನ್ ಒಂದು ಅಥವಾ ಎರಡು. ತೆಂಗಿನ ನೆರಳಿನಲ್ಲಿ, ಮಳೆನೀರಿನ ತೊಟ್ಟಿಯ ಆಸರೆಯಲ್ಲಿ. ಈ ಭಾಗದ ರೈತರಿಗೆ ಇಷ್ಟು ಸಾಕು. ಸಂಸಾರ ಅವಲಂಬಿಸುವ ಬೆಳೆಯನ್ನು ಈ ಹವೆಗೆ ಒಗ್ಗುವ ಹಣ್ಣುಗಳಿಂದಲೇ ಆರಿಸಿಕೊಳ್ಳಬೇಕು.

ಇವುಗಳಲ್ಲಿ ಮೊದಲನೆಯದು ಬೆಣ್ಣೆಹಣ್ಣು. ಮೈಸೂರಿನ ಚಳಿ ಅದಕ್ಕೆ ಹಿತವೇ. ಚೆಟ್ಟಳ್ಳಿ ಕೇಂದ್ರದಿಂದ 'ಅರ್ಕಾ ಸುಪ್ರೀಂ' ಮತ್ತು 'ಅರ್ಕಾ ಕೂರ್ಗ್ ರವಿ' ತಳಿಗಳು ಬಂದಿವೆ. ಬೆಣ್ಣೆಹಣ್ಣಿನ ಹೂವು ಒಂದು ಹೊತ್ತು ಹೆಣ್ಣಾಗಿ, ಇನ್ನೊಂದು ಹೊತ್ತು ಗಂಡಾಗಿ ಅರಳುತ್ತದೆ. ಈ ಹೊತ್ತುಗಳು ಅದಲುಬದಲಾಗಿರುವ 'ಎ' ಮತ್ತು 'ಬಿ' ಬಗೆಯ ಮರಗಳನ್ನು ಬೆರೆಸಿ ನೆಟ್ಟರೆ ಕಾಯಿ ಕಟ್ಟುವುದು ಹೆಚ್ಚು. ನೀರು ನಿಂತರೆ ಬೇರುಕೊಳೆ ರೋಗ ಖಚಿತವಾದ್ದರಿಂದ ತಗ್ಗು ಜಾಗದಲ್ಲಿ ನೆಡತಕ್ಕದ್ದಲ್ಲ. ಕಮಲಂ ಅಥವಾ ಡ್ರ್ಯಾಗನ್ ಹಣ್ಣು ಕಳ್ಳಿಜಾತಿಗೆ ಸೇರಿದ್ದು, ರಾತ್ರಿ ಮಾತ್ರ ಪತ್ರರಂಧ್ರ ತೆರೆಯುವ ಅದಕ್ಕೆ ಮಧ್ಯಾಹ್ನದ ಒಣಗಾಳಿ ಲೆಕ್ಕಕ್ಕಿಲ್ಲ. ತುಮಕೂರು ಜಿಲ್ಲೆಯ ಹಿರೇಹಳ್ಳಿ ಕೇಂದ್ರದಲ್ಲಿ ಇದರ ಬಗ್ಗೆ ತರಬೇತಿ, ಸಸಿ ಎರಡೂ ದೊರೆಯುತ್ತವೆ. ಕಂಬಗಳ ಆರಂಭಿಕ ವೆಚ್ಚ ಹೆಚ್ಚು, ಮತ್ತು ಬೆಳೆಯುವವರು ಹೆಚ್ಚಿದಂತೆ ಬೆಲೆ ಇಳಿಯುವುದು ಸಹಜವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಚೆಟ್ಟಳ್ಳಿಯ 'ಕಾವೇರಿ' ಪ್ಯಾಷನ್ ಹಣ್ಣು ಬೇಲಿಗೆ ಹಬ್ಬಿಸಲು ಯೋಗ್ಯ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಅಂಜೂರಕ್ಕೆ ಹಿಂದಿನಿಂದಲೂ ಹೆಸರಾದ ಊರು ಎಂಬುದನ್ನು ಹೊಸತರ ಗದ್ದಲದಲ್ಲಿ ನಾವು ಮರೆಯುತ್ತಿದ್ದೇವೆ. ಒಣಹವೆಯನ್ನು ಅಂಜೂರದಷ್ಟು ಮೆಚ್ಚುವ ಹಣ್ಣು ಇನ್ನೊಂದಿಲ್ಲ.

ಹಿತ್ತಲಿನ ಕುತೂಹಲಕ್ಕೆ ಜಬೊಟಿಕಾಬ ಒಳ್ಳೆಯ ಗಿಡ. ಕಾಂಡಕ್ಕೇ ಅಂಟಿಕೊಂಡು ದ್ರಾಕ್ಷಿಯಂತೆ ಹಣ್ಣು ಬಿಡುವ ಇದಕ್ಕೆ ಚಳಿಯ ಭಯವಿಲ್ಲ, ಗಡಸು ನೀರಿನ ಭಯ ಮಾತ್ರ ಇದೆ. ಮಳೆನೀರು ಕೊಟ್ಟು ಕುಂಡದಲ್ಲಿಯೂ ಸಾಕಬಹುದು. ಲಕ್ಷ್ಮಣಫಲ ಸೀತಾಫಲದ ಬಳಗದಲ್ಲಿ ಚಳಿಗೆ ಹೆಚ್ಚು ಅಂಜುವ ಗಿಡವಾದರೂ ಗೋಡೆಯ ಮರೆಯಲ್ಲಿ ಬರುತ್ತದೆ. ಅದು ಅರ್ಬುದ ರೋಗವನ್ನು ಗುಣಪಡಿಸುತ್ತದೆಂಬ ಪ್ರಚಾರಕ್ಕೆ ಮನುಷ್ಯರ ಮೇಲಿನ ಚಿಕಿತ್ಸಾ ಪ್ರಯೋಗಗಳ ಆಧಾರವಿಲ್ಲ. ಎಲೆಯ ಕಷಾಯದ ನಿತ್ಯ ಸೇವನೆ ನರಗಳಿಗೆ ಹಾನಿ ಮಾಡಬಹುದೆಂಬ ಎಚ್ಚರಿಕೆಯೂ ಇದೆ. ಧಾರೆಹುಳಿ ಸುಲಭವಾಗಿ ಬೆಳೆಯುತ್ತದೆ; ಮೂತ್ರಪಿಂಡದ ಕಾಯಿಲೆ ಇರುವವರು ಅದನ್ನು ತಿನ್ನಬಾರದು.

ನೀರು ಮತ್ತು ಮಣ್ಣಿನ ಪರೀಕ್ಷೆಗೆ ಬರುವವರು ಕೊಳವೆಬಾವಿಯನ್ನು ಹದಿನೈದು ನಿಮಿಷ ಓಡಿಸಿ, ಅದೇ ನೀರಿನಿಂದ ಮೂರು ಬಾರಿ ತೊಳೆದ ಪ್ಲಾಸ್ಟಿಕ್ ಶೀಷೆಗೆ ಗಾಳಿ ಉಳಿಯದಂತೆ ಒಂದು ಲೀಟರ್ ನೀರು ತುಂಬಿ ಅಂದೇ ತಲುಪಿಸಬೇಕು. ಮಣ್ಣನ್ನು ಗುಂಡಿ ತೆಗೆಯುವ ಜಾಗದಲ್ಲಿಯೇ 1 ಅಡಿ, 2 ಅಡಿ ಮತ್ತು 3 ಅಡಿ ಆಳಗಳಿಂದ ಪ್ರತ್ಯೇಕವಾಗಿ ಅರ್ಧ ಕಿಲೋದಂತೆ ತೆಗೆದು, ನೆರಳಿನಲ್ಲಿ ಒಣಗಿಸಿ, ಆಳವನ್ನು ಚೀಟಿಯಲ್ಲಿ ಬರೆದು ತರಬೇಕು. ನೀರಿನ ವರದಿಯಲ್ಲಿ ವಿದ್ಯುತ್ ವಾಹಕತೆಯ ಜೊತೆಗೆ ಬೈಕಾರ್ಬೊನೇಟ್, ಸೋಡಿಯಂ ಮತ್ತು ಕ್ಲೋರೈಡ್ ಅಂಶಗಳನ್ನು ಬರೆದುಕೊಡುವಂತೆ ಕೇಳಿ ಪಡೆಯಿರಿ. ಕೆಸರೆ ಭಾಗದವರಿಗೆ ನಾಗನಹಳ್ಳಿಯ ಸಾವಯವ ಕೃಷಿ ಸಂಶೋಧನಾ ಕೇಂದ್ರ ಹತ್ತಿರ. ನಂಜನಗೂಡು ಕಡೆಯವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಜೂನ್ ತಿಂಗಳಲ್ಲಿ ಸಸಿ ನೆಡುವ ಉದ್ದೇಶವಿದ್ದರೆ ಮಾದರಿಗಳನ್ನು ಏಪ್ರಿಲ್ ಮೊದಲ ವಾರದೊಳಗೆ ಕೊಡುವುದು ಸೂಕ್ತ. ಕೊಳವೆಬಾವಿಯ ನೀರು ಆಗ ಸಾಮಾನ್ಯವಾಗಿ ಹೆಚ್ಚು ಗಡಸಾಗಿರುತ್ತದೆ, ಮತ್ತು ಗಿಡ ಕುಡಿಯಬೇಕಾಗಿರುವುದು ಆ ನೀರನ್ನೇ.